ಗಂಗಾಳದ ಖುರಾಕು, ಡಬ್ಬಿಯ ಪುಡಿ

ನಮ್ಮ ಬೆಳಗಾವಿ ಜಿಲ್ಲೆ ಕಸುವಿಗೆ ಮರ್ಯಾದೆ ಕೊಡುವ ಸೀಮೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಾತ್ರೆಯೆಂದರೆ ಪಲ್ಲಕ್ಕಿ, ತೇರಿನ ಜೊತೆಗೆ ಕುಸ್ತಿಯ ಕಣವೂ ಇರಬೇಕು, ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯವೂ ಇರಬೇಕು. ಸಂಗ್ರಾಣಿ ಕಲ್ಲು ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರುವಾಗ ಸುತ್ತ ನಿಂತವರೂ ಉಸಿರು ಬಿಗಿಹಿಡಿಯುತ್ತಾರೆ. ಗೆದ್ದವನ ಬೆನ್ನು ತಟ್ಟಿದ ಮೇಲೆ ಹಿರಿಯರು ಕೇಳುವ ಮೊದಲ ಮಾತು, ‘ಖುರಾಕ ಏನೋ ತಮ್ಮಾ?’ ಪೈಲವಾನನ ಊಟಕ್ಕೆ ಇಲ್ಲಿ ಖುರಾಕು ಎಂಬ ಬೇರೆ ಹೆಸರೇ ಇದೆ. ಹಾಲು, ತುಪ್ಪ, ಅರೆದ ಬಾದಾಮಿ, ಮೊಟ್ಟೆ, ಕೆಲವರಿಗೆ ಮಾಂಸ. ಪಕ್ಕದ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಕುಸ್ತಿಯನ್ನು ಸಾಕಿ ಬೆಳೆಸಿದ ಕಾಲದಿಂದಲೂ ಈ ಗಡಿ ಭಾಗದ ತಾಲೀಮುಗಳಲ್ಲಿ ಜೋರು, ಬೈಠಕ್ ಎಷ್ಟು ಮುಖ್ಯವೋ ಖುರಾಕೂ ಅಷ್ಟೇ ಮುಖ್ಯ.

ಈಗ ಆ ಪ್ರಶ್ನೆಗೆ ಬರುವ ಉತ್ತರ ಬದಲಾಗಿದೆ. ಹಳ್ಳಿಯಿಂದ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಹುಡುಗ ಸಂಜೆ ಜಿಮ್ಮಿಗೂ ಹೋಗುತ್ತಾನೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲಿ ಕುಸ್ತಿ, ಭಾರ ಎತ್ತುವಿಕೆ, ಕಬಡ್ಡಿ ಆಡಬೇಕು, ಆಮೇಲೆ ಪೊಲೀಸ್ ಇಲ್ಲವೇ ಸೈನ್ಯದ ಭರ್ತಿಗೆ ಓಡಬೇಕು ಎಂಬ ಆಸೆ ಅವನದು. ಜಿಮ್ಮಿನ ಕಪಾಟಿನಲ್ಲಿ ಸಾಲಾಗಿ ಇಟ್ಟ ಬಣ್ಣದ ಡಬ್ಬಿಗಳು ಅವನ ಆಸೆಯನ್ನೇ ಕರೆಯುತ್ತವೆ. ಒಂದು ಕೆ.ಜಿ. ವೇ ಪ್ರೋಟೀನಿಗೆ ಎರಡೂವರೆ ಸಾವಿರ ರೂಪಾಯಿಯ ಆಸುಪಾಸು. ಹೊಲದ ಮನೆಯಲ್ಲಿ ಆ ಹಣ ಹೊರಡಬೇಕಾದರೆ ಯಾವುದೋ ಒಂದು ಖರ್ಚು ಹಿಂದೆ ಸರಿಯಬೇಕು. ಆದ್ದರಿಂದ ಆ ಪುಡಿ ನಿಜಕ್ಕೂ ಎಷ್ಟು ಕಸುವು ಕೊಡುತ್ತದೆ ಎಂಬುದನ್ನು ಅಂಕಿಯಲ್ಲಿಯೇ ನೋಡಬೇಕು.

2018ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಪ್ರೋಟೀನ್ ಪೂರಕಗಳ ಕುರಿತ 49 ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು 1,863 ಜನ. ಎಲ್ಲರೂ ವಾರಗಟ್ಟಲೆ ಭಾರ ಎತ್ತುವ ತಾಲೀಮು ಮಾಡಿದವರು. ಕೆಲವರಿಗೆ ಹೆಚ್ಚಿನ ಪ್ರೋಟೀನ್ ಕೊಟ್ಟಿದ್ದರು, ಉಳಿದವರಿಗೆ ಕೊಟ್ಟಿರಲಿಲ್ಲ. ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಪ್ರೋಟೀನ್ ತಂದ ಹೆಚ್ಚುವರಿ ಲಾಭ ಸರಾಸರಿ ಎರಡೂವರೆ ಕೆ.ಜಿ. ತಾಲೀಮಿನಿಂದ ಬಂದ ಒಟ್ಟು ಏರಿಕೆಯ ಮುಂದೆ ಇದು ಶೇ 9ರಷ್ಟು ಮಾತ್ರ. ಮೈಯಲ್ಲಿ ಕೊಬ್ಬು ಬಿಟ್ಟು ಉಳಿದ ತೂಕ ಹೆಚ್ಚಿದ್ದು 300 ಗ್ರಾಂ. ಇನ್ನೊಂದು ಸಂಗತಿಯೂ ಅಲ್ಲಿ ಗೊತ್ತಾಯಿತು. ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಆದ ಮೇಲೆ ಎಷ್ಟು ತಿಂದರೂ ಸ್ನಾಯು ಬೆಳೆಯುವುದರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ.

ಅಂದರೆ ಕಸುವಿನ ಬಹುಪಾಲು ಹುಟ್ಟುವುದು ತಾಲೀಮಿನಲ್ಲಿ. ಭಾರ ಎತ್ತಲು ಶುರು ಮಾಡಿದ ಮೊದಲ ಕೆಲವು ವಾರ ಸ್ನಾಯು ಅಷ್ಟಾಗಿ ದಪ್ಪವಾಗುವುದೂ ಇಲ್ಲ. ಆಗ ಕಲಿಯುವುದು ನರಮಂಡಲ. ಒಂದೇ ಕ್ಷಣಕ್ಕೆ ಹೆಚ್ಚು ಸ್ನಾಯು ಎಳೆಗಳನ್ನು ಎಬ್ಬಿಸುವುದನ್ನು ಅದು ರೂಢಿಸಿಕೊಳ್ಳುತ್ತದೆ. ಹೊಸದಾಗಿ ಜಿಮ್ ಸೇರಿದ ಹುಡುಗ ತಿಂಗಳಲ್ಲಿಯೇ ಹತ್ತು ಕೆ.ಜಿ. ಹೆಚ್ಚು ಎತ್ತಿದರೆ, ಅದೇ ವಾರ ಕೊಂಡ ಡಬ್ಬಿಗೆ ಆ ಕೀರ್ತಿ ಹೋಗುತ್ತದೆ. ದುಡಿದದ್ದು ಅವನ ಬೆನ್ನು ಮತ್ತು ನರ.

ಹಾಗಾದರೆ 1.6 ಗ್ರಾಂ ಎಂಬ ಆ ಮಟ್ಟ ಮನೆಯೂಟದಲ್ಲಿ ಮುಟ್ಟಲು ಬರುತ್ತದೆಯೇ? 65 ಕೆ.ಜಿ. ತೂಕದ ಹುಡುಗನಿಗೆ ದಿನಕ್ಕೆ 104 ಗ್ರಾಂ ಬೇಕು. ಸಾಮಾನ್ಯ ಮನುಷ್ಯನಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ಕೆ.ಜಿ.ಗೆ 0.83 ಗ್ರಾಂ, ಅಂದರೆ ಅದೇ ತೂಕಕ್ಕೆ 54 ಗ್ರಾಂ. ಕ್ರೀಡಾಪಟುವಿಗೆ ಅದರ ಎರಡರಷ್ಟು ಬೇಕಾಗುತ್ತದೆ ಎಂಬುದು ನಿಜ. ಈಗ ಗಂಗಾಳದ ಲೆಕ್ಕ ಹಿಡಿಯೋಣ. ದಿನವಿಡೀ ತಿನ್ನುವ ರೊಟ್ಟಿಗೆ 300 ಗ್ರಾಂ ಜೋಳದ ಹಿಟ್ಟು ಹೋದರೆ 30 ಗ್ರಾಂ ಪ್ರೋಟೀನ್. ಮಡಿಕೆ, ಹೆಸರು, ಹುರಳಿ, ಅಲಸಂದಿ, ಯಾವುದಾದರೂ ಸೇರಿ 100 ಗ್ರಾಂ ಕಾಳು ಪಲ್ಯಕ್ಕೆ ಬಂದರೆ 22. ಶೇಂಗಾ ಹಿಂಡಿ ಮತ್ತು ಹುರಿದ ಶೇಂಗಾ ಸೇರಿ 50 ಗ್ರಾಂ ಆದರೆ 12. ಅರ್ಧ ಲೀಟರ್ ಹಾಲಿಗೆ 16, ಒಂದು ಬಟ್ಟಲು ಗಟ್ಟಿ ಮೊಸರಿಗೆ 6. ಮೂರು ಮೊಟ್ಟೆಗೆ 18. ಕೂಡಿಸಿದರೆ 104.

ಈ ಲೆಕ್ಕ ಕಾಗದದ ಮೇಲೆ ಸುಲಭ. ಹಾಸ್ಟೆಲ್ಲಿನಲ್ಲಿ ಇರುವವನಿಗೆ, ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಸಂಜೆ ಮುಟ್ಟುವವನಿಗೆ ಕಷ್ಟ. ನಮ್ಮಲ್ಲಿ ತುಂಬ ಮನೆಗಳಲ್ಲಿ ಕಾಳು ಎಂದರೆ ತಟ್ಟೆಯ ಮೂಲೆಯಲ್ಲಿ ಒಂದು ಸೌಟು ಪಲ್ಯ, ಸಾರಿನಲ್ಲಿ ತೇಲುವ ಬೇಳೆ. 100 ಗ್ರಾಂ ಕಾಳು ಅಂದರೆ ಬೆಂದ ಮೇಲೆ ಎರಡು ದೊಡ್ಡ ಬಟ್ಟಲು. ಹಾಲು ಡೇರಿಗೆ ಹೋಗಿ ಉಳಿದದ್ದು ಚಹಾಕ್ಕೆ ಬೀಳುತ್ತದೆ. ಎಮ್ಮೆ ಕಟ್ಟಿದ ಮನೆಯ ಹುಡುಗನೇ ಹಾಲಿನ ಪುಡಿಗೆ ಹಣ ಸುರಿಯುವ ಸ್ಥಿತಿ ಬಂದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ವೇ ಪ್ರೋಟೀನ್ ಎಂದರೆ ಹಾಲು ಒಡೆದು ಚೀಸ್ ಅಥವಾ ಪನೀರ್ ಮಾಡಿದಾಗ ಉಳಿಯುವ ತಿಳಿನೀರನ್ನು ಸೋಸಿ ಒಣಗಿಸಿದ್ದು. ಬೇಗ ಜೀರ್ಣವಾಗುತ್ತದೆ, ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅದರಲ್ಲಿ ಚೆನ್ನಾಗಿದೆ. ಶುದ್ಧವಾಗಿದ್ದರೆ ಅದು ಒಳ್ಳೆಯ ಆಹಾರವೇ. ಊಟದಿಂದ ಲೆಕ್ಕ ತುಂಬದವನಿಗೆ ಉಪಯೋಗವೂ ಹೌದು. ಆದರೆ ಒಂದು ಚಮಚ ಪುಡಿಯ 24 ಗ್ರಾಂ ಪ್ರೋಟೀನಿಗೆ 80 ರೂಪಾಯಿ ಬೀಳುವಾಗ, ಅಷ್ಟೇ ಪ್ರೋಟೀನ್ ಕೊಡುವ ನಾಲ್ಕು ಮೊಟ್ಟೆಗೆ 30 ರೂಪಾಯಿ ಸಾಕು. ಮೊಟ್ಟೆ ಮುಟ್ಟದ ಮನೆಯವರಿಗೆ ಸೋಯಾ ಇದೆ. ಅಂಗಡಿಯಲ್ಲಿ ಸಿಗುವ ಸೋಯಾ ಚಂಕ್ಸ್‌ನಲ್ಲಿ ನೂರಕ್ಕೆ ಐವತ್ತರಷ್ಟು ಪ್ರೋಟೀನ್. ತಾಲೀಮು ಮುಗಿದ ಅರ್ಧ ತಾಸಿನೊಳಗೇ ಪುಡಿ ಕುಡಿಯಬೇಕೆಂಬ ಗಡಿಬಿಡಿಗೂ ಅಂಥ ಆಧಾರವಿಲ್ಲ. ಇಡೀ ದಿನದ ಮೊತ್ತ ಮುಖ್ಯ, ಅದನ್ನು ಮೂರು ನಾಲ್ಕು ಊಟಕ್ಕೆ ಹಂಚಿಕೊಂಡರೆ ಇನ್ನೂ ಒಳ್ಳೆಯದು.

‘ಮಾಸ್ ಗೇನರ್’ ಎಂಬ ದೊಡ್ಡ ಡಬ್ಬಿಯ ವಿಷಯದಲ್ಲಿ ನನಗೆ ಯಾವ ದಾಕ್ಷಿಣ್ಯವೂ ಇಲ್ಲ. ಅದರ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ತೆಗೆದ ಸಕ್ಕರೆಯಂಥ ಪದಾರ್ಥ. ತೂಕ ಏರಿಸಬೇಕಾದ ಬಡಕಲು ಹುಡುಗನಿಗೆ ಶಕ್ತಿಯೇ ಬೇಕಿದ್ದರೆ ಗೋಕಾಕದ ಕರದಂಟು ಅದಕ್ಕಿಂತ ಎಷ್ಟೋ ಮೇಲು. ಬೆಲ್ಲ, ತುಪ್ಪ, ಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಎಲ್ಲ ಹೆಸರು ಹೇಳಬಲ್ಲ ವಸ್ತುಗಳು. ಆದರೆ ಕರದಂಟನ್ನೂ ಪ್ರೋಟೀನ್ ಎಂದು ತಿಳಿಯಬಾರದು. ಅದಕ್ಕೆ ಹಾಕುವ ಅಂಟು ಬಹುತೇಕ ನಾರಿನಂಶ. ಕರದಂಟಿನ ಬಲ ಇರುವುದು ಬೆಲ್ಲ, ತುಪ್ಪ, ಒಣಹಣ್ಣು ಕೊಡುವ ಶಕ್ತಿಯಲ್ಲಿ.

ಪುಡಿಗಳಲ್ಲಿ ಕೆಲವೇ ಕೆಲವದರ ಪರವಾಗಿ ವಿಜ್ಞಾನ ಗಟ್ಟಿಯಾಗಿ ನಿಂತಿದೆ, ಅವುಗಳಲ್ಲಿ ಒಂದು ಕ್ರಿಯೇಟಿನ್. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2018ರಲ್ಲಿ ಪೂರಕ ಆಹಾರಗಳ ಕುರಿತು ಹೊರಡಿಸಿದ ಒಮ್ಮತದ ಹೇಳಿಕೆಯಲ್ಲಿ, ಸಾಮರ್ಥ್ಯ ಹೆಚ್ಚಿಸುವುದಕ್ಕೆ ಒಳ್ಳೆಯ ಆಧಾರವಿದೆ ಎಂದು ಒಪ್ಪಿದ ನಾಲ್ಕೈದರಲ್ಲಿ ಇದೂ ಒಂದು. ಕಾಫಿಯಲ್ಲಿರುವ ಕೆಫೀನ್ ಇನ್ನೊಂದು. ಕ್ರಿಯೇಟಿನ್ ಹೊರಗಿನ ವಸ್ತುವೇನೂ ಅಲ್ಲ. ನಮ್ಮ ಯಕೃತ್ತು, ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು ಒಂದು ಗ್ರಾಂ ತಯಾರಿಸುತ್ತವೆ, ಮಾಂಸ ಮೀನು ತಿಂದರೆ ಇನ್ನಷ್ಟು ಬರುತ್ತದೆ. ಅದರ ಶೇ 95ರಷ್ಟು ಸ್ನಾಯುವಿನಲ್ಲಿ ಇರುತ್ತದೆ. ಸ್ನಾಯು ಸಂಕುಚಿಸಲು ಬೇಕಾದ ಇಂಧನ ಎಟಿಪಿ. ಪೂರ್ತಿ ಕಸುವು ಹಾಕಿ ಎತ್ತುವಾಗ ಇದು ಎರಡು ಮೂರು ಸೆಕೆಂಡಿನಲ್ಲಿ ತೀರುವಷ್ಟೇ ಇರುತ್ತದೆ. ಆಗ ಸ್ನಾಯುವಿನಲ್ಲಿರುವ ಕ್ರಿಯೇಟಿನ್ ಫಾಸ್ಫೇಟ್ ತನ್ನ ಫಾಸ್ಫೇಟನ್ನು ಬಿಟ್ಟುಕೊಟ್ಟು ಎಟಿಪಿಯನ್ನು ಮತ್ತೆ ಕಟ್ಟುತ್ತದೆ. ನೆರೆಮನೆಯವರು ಕೊಡುವ ಕೈಗಡದ ಹಾಗೆ ಅದು: ಕಾಗದ ಪತ್ರವಿಲ್ಲದೆ ಆ ಕ್ಷಣಕ್ಕೆ ಸಿಗುತ್ತದೆ, ಮೊತ್ತ ಸಣ್ಣದು, ವಿಶ್ರಾಂತಿಯಲ್ಲಿ ತೀರಿಸಬೇಕು. ಹತ್ತು ಸೆಕೆಂಡಿನ ಆಸುಪಾಸಿನ ಕೆಲಸಕ್ಕೆಲ್ಲ ಇದೇ ಆಸರೆ. ಸಂಗ್ರಾಣಿ ಕಲ್ಲು ಎದೆಗೆ ಏರುವ ಹೊತ್ತು, ಕುಸ್ತಿಯಲ್ಲಿ ಎದುರಾಳಿಯನ್ನು ಎತ್ತಿ ಹಾಕುವ ಪಟ್ಟು, ಕಬಡ್ಡಿಯ ಒಂದು ಹಿಡಿತ, ಎಲ್ಲ ಈ ಅವಧಿಯವೇ.

ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ ತೆಗೆದುಕೊಂಡರೆ ಮೂರು ನಾಲ್ಕು ವಾರದಲ್ಲಿ ಸ್ನಾಯುವಿನ ಸಂಗ್ರಹ ತುಂಬುತ್ತದೆ. 22 ಅಧ್ಯಯನಗಳ ಒಂದು ಹಳೆಯ ವಿಮರ್ಶೆಯಲ್ಲಿ ತಾಲೀಮಿನ ಜೊತೆ ಕ್ರಿಯೇಟಿನ್ ತೆಗೆದುಕೊಂಡವರ ಕಸುವು ಸರಾಸರಿ ಶೇ 20ರಷ್ಟು ಏರಿತ್ತು, ತಾಲೀಮು ಮಾತ್ರ ಮಾಡಿದವರದು ಶೇ 12ರಷ್ಟು. ನಮ್ಮ ಸೀಮೆಗೆ ಇಲ್ಲಿ ಒಂದು ವಿಶೇಷವಿದೆ. ಮಾಂಸಾಹಾರ ಇಲ್ಲದವರ ಸ್ನಾಯುವಿನಲ್ಲಿ ಕ್ರಿಯೇಟಿನ್ ಸಂಗ್ರಹ ಕಡಿಮೆ ಇರುವುದರಿಂದ ಅವರಿಗೆ ಆಗುವ ಲಾಭ ಹೆಚ್ಚು. ಗೋಕಾಕ, ಹುಕ್ಕೇರಿ ಕಡೆ ಶಾಖಾಹಾರದ ಮನೆಗಳಿಂದ ಬರುವ ಪೈಲವಾನರು ಬಹಳ. ಕಾಳು ಹಾಲಿನಿಂದ ಪ್ರೋಟೀನ್ ತುಂಬಬಹುದು, ಕ್ರಿಯೇಟಿನ್ ಮಾತ್ರ ಸಸ್ಯಗಳಲ್ಲಿ ಸಿಗುವುದಿಲ್ಲ, ಹಾಲಿನಲ್ಲಿಯೂ ಅತ್ಯಲ್ಪ. ಆರೋಗ್ಯವಂತರ ಮೂತ್ರಪಿಂಡಕ್ಕೆ ಇದರಿಂದ ಹಾನಿ ಕಂಡುಬಂದಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಸ್ವಲ್ಪ ಏರಿ ಕಾಣಬಹುದು, ಡಾಕ್ಟರಿಗೆ ಮೊದಲೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಅದರ ಗೊಡವೆಗೆ ಹೋಗಬಾರದು.

ಕುಸ್ತಿಯವರಿಗೆ ಇನ್ನೊಂದು ಎಚ್ಚರಿಕೆ. ಕ್ರಿಯೇಟಿನ್ ಸ್ನಾಯುವಿನೊಳಗೆ ನೀರನ್ನು ಹಿಡಿದಿಡುತ್ತದೆ, ಮೊದಲ ವಾರಗಳಲ್ಲಿಯೇ ತೂಕ ಒಂದೆರಡು ಕೆ.ಜಿ. ಏರಬಹುದು. ತೂಕದ ವರ್ಗದಲ್ಲಿ ಆಡುವವನಿಗೆ ಅದು ದೊಡ್ಡ ಮಾತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರನ್ನು ಫೈನಲ್‌ನಿಂದ ಹೊರಗೆ ಇಟ್ಟಿದ್ದು 100 ಗ್ರಾಂ. ತೂಕ ಇಳಿಸಲು ನೀರು ಬಿಡುವುದು, ದಪ್ಪ ಜಾಕೆಟ್ ಹಾಕಿ ಬಿಸಿಲಲ್ಲಿ ಓಡುವುದು ಎಂಥ ಅಪಾಯವೆಂದು ಅಮೆರಿಕದ ಕಾಲೇಜುಗಳು ಜೀವ ಕೊಟ್ಟು ಕಲಿತವು. 1997ರ ನವೆಂಬರ್, ಡಿಸೆಂಬರ್‌ನಲ್ಲಿ ಅಲ್ಲಿಯ ಮೂರು ಬೇರೆ ಬೇರೆ ಕಾಲೇಜುಗಳ ಮೂವರು ಕುಸ್ತಿಪಟುಗಳು ತೂಕ ಇಳಿಸುತ್ತಿರುವಾಗಲೇ ಸತ್ತರು. ಒಬ್ಬ ಹುಡುಗ 12 ತಾಸಿನಲ್ಲಿ ಸುಮಾರು 7 ಕೆ.ಜಿ. ಇಳಿಸಲು ಹೊರಟಿದ್ದ. ಮೊದಲು ಎಲ್ಲರ ಅನುಮಾನ ಹೋಗಿದ್ದು ಕ್ರಿಯೇಟಿನ್ ಮೇಲೆ. ತನಿಖೆಯಲ್ಲಿ ಕಂಡದ್ದು ಬೇರೆ: ಗಾಳಿಯಾಡದ ಉಡುಪು ಹಾಕಿ, ಬಿಸಿ ಕೋಣೆಯಲ್ಲಿ ಬೆವರಿಳಿಸುತ್ತ ದೇಹದ ನೀರು ಬತ್ತಿ, ಶಾಖ ಏರಿ ಪ್ರಾಣ ಹೋಗಿತ್ತು. ಅದರ ನಂತರ ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ ರಬ್ಬರ್ ಉಡುಪು, ಬಿಸಿ ಕೋಣೆಗಳನ್ನು ನಿಷೇಧಿಸಿ, ತೂಕ ನೋಡುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದಿತು. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಜಾಕೆಟ್ ಹಾಕಿ ಓಡುವ ಹುಡುಗರನ್ನು ವಸ್ತಾದರು ತಡೆಯಲೇಬೇಕು.

ಇಷ್ಟೂ ಹೇಳಿದ್ದು ಡಬ್ಬಿಯ ಮೇಲೆ ಬರೆದದ್ದೇ ಒಳಗೂ ಇದ್ದರೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ಗಟ್ಟಿಯಿಲ್ಲ. 2024ರಲ್ಲಿ ಕೇರಳದ ವೈದ್ಯರ ತಂಡ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿ ಪ್ರಕಟಿಸಿತು. ಸುಮಾರು ಶೇ 70ರಷ್ಟು ಪುಡಿಗಳ ಲೇಬಲ್ಲಿನಲ್ಲಿ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ, ಕೆಲವದರಲ್ಲಿ ಹೇಳಿದ್ದರ ಅರ್ಧವೇ ಇತ್ತು. ಶೇ 14ರಷ್ಟರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ, ಶೇ 8ರಷ್ಟರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಹೊಸ ಆಹಾರ ಮಾರ್ಗಸೂಚಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ ಎಂದು ನೇರವಾಗಿ ಹೇಳಿತು.

ಕಡಿಮೆ ಪ್ರೋಟೀನ್ ಇದ್ದರೆ ಹಣ ಹೋಗುತ್ತದೆ. ಬೇರೆಯದು ಸೇರಿದ್ದರೆ ಆಟವೇ ಹೋಗುತ್ತದೆ. ಇದಕ್ಕೆ ಕರ್ನಾಟಕ ಕಂಡ ಅತ್ಯಂತ ನೋವಿನ ಉದಾಹರಣೆ ಅಶ್ವಿನಿ ಅಕ್ಕುಂಜಿ ಅವರದು. ಉಡುಪಿ ಜಿಲ್ಲೆಯ ಸಿದ್ಧಾಪುರ ಕಡೆಯ ಕೃಷಿಕರ ಮಗಳು, 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ರಿಲೇ ಚಿನ್ನ ಗೆದ್ದರು. ಅದೇ ವರ್ಷ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ನಾಡೆಲ್ಲ ಹೆಮ್ಮೆಪಟ್ಟ ಕೆಲವೇ ತಿಂಗಳಿಗೆ, 2011ರಲ್ಲಿ, ಅವರ ಮತ್ತು ಸಂಗಡಿಗರ ಮಾದರಿಯಲ್ಲಿ ಸ್ಟೆರಾಯ್ಡ್ ಪತ್ತೆಯಾಯಿತು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತು ಎಂದು ಓಟಗಾರ್ತಿಯರು ಹೇಳಿದರು. ದೇಶದ ಶಿಸ್ತು ಸಮಿತಿ ಅವರ ಮಾತಿಗೆ ಕಿವಿಗೊಟ್ಟು ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಿಯಮ ಅಷ್ಟು ಬಿರುಸು: ದೇಹದಲ್ಲಿ ಸಿಕ್ಕಿದ ಪ್ರತಿಯೊಂದಕ್ಕೂ ಕ್ರೀಡಾಪಟುವೇ ಹೊಣೆ. ಕೋಚ್ ಕೊಟ್ಟರು, ಗೊತ್ತಿರಲಿಲ್ಲ ಎಂಬುದು ಶಿಕ್ಷೆಯ ಪ್ರಮಾಣದಲ್ಲಿ ಲೆಕ್ಕಕ್ಕೆ ಬರಬಹುದೇ ಹೊರತು ತಪ್ಪನ್ನು ಅಳಿಸುವುದಿಲ್ಲ.

ಅಂತರರಾಷ್ಟ್ರೀಯ ಓಟಗಾರ್ತಿಗೇ ಹೀಗಾದರೆ, ಜಿಮ್ಮಿನ ಅಣ್ಣನ ಮಾತು ನಂಬಿ ‘ಪ್ರೀ ವರ್ಕೌಟ್’ ಮಿಶ್ರಣ ಕುಡಿಯುವ ಎರಡನೇ ವರ್ಷದ ಬಿ.ಎ. ಹುಡುಗನ ಗತಿಯೇನು? ಇಂಥ ಮಿಶ್ರಣಗಳಲ್ಲಿ ಹಿಂದೆ ಸಿಕ್ಕಿದ ಮಿಥೈಲ್‌ಹೆಕ್ಸನಮೈನ್ ಎಂಬ ಉತ್ತೇಜಕ 2010ರಲ್ಲಿಯೇ ಭಾರತದ ಹಲವು ಕ್ರೀಡಾಪಟುಗಳನ್ನು, ಅವರಲ್ಲಿ ಕುಸ್ತಿಯವರನ್ನೂ, ಬಲಿ ತೆಗೆದುಕೊಂಡಿತು. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು, ಶೇ 3.8. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳಲ್ಲಿ ಇದು ಅತಿ ಹೆಚ್ಚು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ ಕೂಟಕ್ಕೆ ಪರೀಕ್ಷಕರು ಬಂದರೆಂದು ಗೊತ್ತಾಗುತ್ತಲೇ ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ. ಇವೆಲ್ಲ ತಿಳಿಯದೆ ಆದ ತಪ್ಪುಗಳಲ್ಲ. ಬೇಕೆಂದೇ ಸೂಜಿ ಹಿಡಿಯುವವರೂ ಇದ್ದಾರೆ. ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಂಡ ಇಪ್ಪತ್ತರ ಹುಡುಗನ ದೇಹ ತಾನೇ ತಯಾರಿಸುವ ಗಂಡು ಹಾರ್ಮೋನನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಅಂಥದ್ದನ್ನು ಮಾರುವವರನ್ನು ಊರಿನವರು ಹೆಸರು ಸಹಿತ ಪೊಲೀಸರಿಗೆ ತಿಳಿಸಬೇಕು.

ಹಾಗಂತ ಹಣವಿಲ್ಲದವನಿಗೆ ಕಸುವಿನ ಆಟವೇ ಬೇಡವೇ? ಗುರುರಾಜ ಪೂಜಾರಿ ಅವರ ದಾರಿ ಇಲ್ಲಿ ನೆನಪಾಗುತ್ತದೆ. ಕುಂದಾಪುರ ಬಳಿಯ ವಂಡ್ಸೆ ಕಡೆಯ ಚಾಲಕರೊಬ್ಬರ ಮಗ. ಕುಸ್ತಿಯ ಆಸೆ ಇಟ್ಟುಕೊಂಡು ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದವರನ್ನು ಅಲ್ಲಿಯ ಕೋಚ್ ರಾಜೇಂದ್ರ ಪ್ರಸಾದ್ ಭಾರ ಎತ್ತುವಿಕೆಗೆ ತಿರುಗಿಸಿದರು. ದೊಡ್ಡ ಕುಟುಂಬ, ಒಳ್ಳೆಯ ಊಟ ಮತ್ತು ಪೂರಕಗಳ ಖರ್ಚು ಆರಂಭದಲ್ಲಿ ಮನೆಗೆ ನಿಲುಕದ್ದಾಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವರ್ಗದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ ತಂದರು, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವರ್ಗದಲ್ಲಿ 269 ಕೆ.ಜಿ. ಎತ್ತಿ ಕಂಚು. ಅವರನ್ನು ಗುರುತಿಸಿದ್ದು ಒಂದು ಕಾಲೇಜು, ಕೈಹಿಡಿದದ್ದು ಒಬ್ಬ ಬಲ್ಲ ಕೋಚ್. ನಮ್ಮ ತಾಲ್ಲೂಕುಗಳ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ ಬಿಡಬಾರದು ಎಂದು ನಾನು ಹಟ ಹಿಡಿದು ಹೇಳುವುದು ಈ ಕಾರಣಕ್ಕೆ. ತಂಡಕ್ಕೆ ಆಯ್ಕೆಯಾದ ಹುಡುಗ ಹುಡುಗಿಯರಿಗೆ ದಿನಕ್ಕೆ ಎರಡು ಮೊಟ್ಟೆ ಇಲ್ಲವೇ ಒಂದು ಬಟ್ಟಲು ನೆನೆಸಿದ ಕಾಳು, ಅರ್ಧ ಲೀಟರ್ ಹಾಲು ಕಾಲೇಜೇ ಕೊಟ್ಟರೆ ತಲೆಗೆ ಐವತ್ತು ರೂಪಾಯಿಯೊಳಗೆ ಮುಗಿಯುತ್ತದೆ.

ಹುಡುಗಿಯರ ಮಾತು ಬಂತು, ಅದನ್ನು ಬಿಡಿಸಿ ಹೇಳಬೇಕು. ಕುಸ್ತಿ, ಖೊಖೊ, ಭಾರ ಎತ್ತುವಿಕೆಯಲ್ಲಿ ಬೆಳಗಾವಿ ಜಿಲ್ಲೆಯ ಹೆಣ್ಣುಮಕ್ಕಳು ಮುಂದೆ ಬರುತ್ತಿದ್ದಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಬೈಠಕ್ ಹೊಡೆಯುವಾಗ ಬೇಗ ಏದುಸಿರು ಬಿಡುವ ಹುಡುಗಿಗೆ ‘ಕಸುವಿಲ್ಲ, ಪುಡಿ ತಗೋ’ ಎಂದು ಹೇಳುವವರು ಸಿಗುತ್ತಾರೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು ಎನ್ನುವವರು ಕಡಿಮೆ. ರಕ್ತದಲ್ಲಿ ಕಬ್ಬಿಣ ಸಾಲದಿದ್ದರೆ ಸ್ನಾಯುವಿಗೆ ಸಾಕಷ್ಟು ಆಮ್ಲಜನಕ ಮುಟ್ಟುವುದಿಲ್ಲ, ಯಾವ ವೇ ಪ್ರೋಟೀನೂ ಆ ಕೊರತೆ ತುಂಬಲಾರದು. ಆ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಆಗುತ್ತದೆ, ಕಬ್ಬಿಣದ ಗುಳಿಗೆಯೂ ಅಲ್ಲೇ ಪುಕ್ಕಟೆ ಸಿಗುತ್ತದೆ. ಊಟದ ಜೊತೆಗೆ ಲಿಂಬೆ ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ. ಕ್ರೀಡಾ ಋತು ಶುರುವಾಗುವ ಮೊದಲು ತಂಡದ ಎಲ್ಲ ಹುಡುಗಿಯರನ್ನೂ ಒಂದು ಬೆಳಿಗ್ಗೆ ಆ ಕೇಂದ್ರಕ್ಕೆ ಕರೆದುಕೊಂಡು ಹೋಗುವ ಕೆಲಸವನ್ನು ಯಾವ ಕಾಲೇಜಾದರೂ ಈ ವರ್ಷವೇ ಮಾಡಬಹುದು.